ಕಂಪಾಸ್ ಪೆಟ್ಟಿಗೆಯ ಗುಳಿಗೆ

ಬಿಪಿ ಗುಳಿಗೆ ನುಂಗುವವರಿಗೆ ನಮ್ಮ ಸಮಾಜದಲ್ಲಿ ಒಂದು ಮರ್ಯಾದೆ ಇದೆ. ಮದುವೆಯ ಪಂಕ್ತಿಯಲ್ಲಿ ಇನ್ನೇನು ಹುಗ್ಗಿ ಬಡಿಸಬೇಕು ಅನ್ನುವಾಗ ಅವರು ಅಂಗಿಯ ಕಿಸೆಯಿಂದ ಗುಳಿಗೆ ತೆಗೆದು, ನಾಲ್ಕು ಜನ ನೋಡುವ ಹಾಗೆ ಬಾಯಿಗೆ ಎಸೆದುಕೊಳ್ಳುತ್ತಾರೆ. ಪಕ್ಕದವರು "ಎಷ್ಟೈತ್ರೀ ನಿಮ್ದು?" ಎಂದು ಅಕ್ಕರೆಯಿಂದ ಕೇಳುತ್ತಾರೆ. ಸಕ್ಕರೆ ಕಾಯಿಲೆಯವರಂತೂ ಒಬ್ಬರನ್ನೊಬ್ಬರು ಬೀಗರಿಗಿಂತ ಹೆಚ್ಚು ಪ್ರೀತಿಯಿಂದ ಮಾತಾಡಿಸುತ್ತಾರೆ. ನನಗೂ ದಿನಕ್ಕೊಂದು ಗುಳಿಗೆ ಉಂಟು. ಆದರೆ ಅದನ್ನು ನಾನು ಕಂಪಾಸ್ ಪೆಟ್ಟಿಗೆಯಲ್ಲಿ, ಕೋನಮಾಪಕದ ಅಡಿಯಲ್ಲಿ ಬಚ್ಚಿಡುತ್ತಿದ್ದೆ. ಏಕೆಂದರೆ ಅದು ಹೃದಯದ್ದಲ್ಲ, ಕಿಡ್ನಿಯದ್ದಲ್ಲ, ಮನಸ್ಸಿನದು. ಮನಸ್ಸಿಗೆ ಗುಳಿಗೆ ನುಂಗುವವನ ಪಕ್ಕದಲ್ಲಿ ಕುಳಿತವರು ಎಷ್ಟೈತೆಂದು ಕೇಳುವುದಿಲ್ಲ. ತಮ್ಮ ಎಲೆಯನ್ನು ಸ್ವಲ್ಪ ಆಚೆ ಸರಿಸಿಕೊಳ್ಳುತ್ತಾರೆ.

ನಾನು ತಿಕೋಟಾದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮನೆ ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ. ಹೆಂಡತಿ ಶಾರದಾ, ಕಾಲೇಜಿಗೆ ಹೋಗುವ ಮಗಳು, ಸೋರದ ಛಾವಣಿ, ತಪ್ಪದ ಸಂಬಳ. ದುಃಖಪಡಲು ಬೇಕಾದ ಯಾವ ಅರ್ಹತೆಯೂ ನನಗಿರಲಿಲ್ಲ. ಆದರೂ ಎರಡು ವರ್ಷದ ಹಿಂದೆ, ಶಾಲೆ ಶುರುವಾಗುವ ಹೊತ್ತಿಗೆ, ನನಗೇನೋ ಆಗತೊಡಗಿತು. ನಸುಕಿನಲ್ಲೇ ಎಚ್ಚರವಾಗಿ ಛಾವಣಿ ನೋಡುತ್ತ ಬಿದ್ದಿರುತ್ತಿದ್ದೆ. ಶಾರದಾ ಬಿಸಿ ಬಿಸಿ ರೊಟ್ಟಿಯ ಜೊತೆ ಎಣ್ಣೆಗಾಯಿ ಬಡಿಸಿದರೆ ಹಳೆಯ ಉತ್ತರ ಪತ್ರಿಕೆ ಅಗಿದಂತಾಗುತ್ತಿತ್ತು. ಸ್ನಾನ ಮಾಡುವುದೆಂದರೆ ಬಾವಿ ತೋಡಿದಷ್ಟು ದಣಿವು. ಒಂದು ದಿನ ಬೋರ್ಡಿನ ಮೇಲೆ ಲೆಕ್ಕ ಅರ್ಧ ಬರೆದು ನಿಂತೆ. ಮುಂದಿನ ಹೆಜ್ಜೆ ಗೊತ್ತಿತ್ತು. ಅದನ್ನು ಬರೆದು ಯಾರಿಗೇನು ಆಗಬೇಕಾಗಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಸುಣ್ಣದಕಡ್ಡಿಯ ಧೂಳೆಂದು ಮಕ್ಕಳಿಗೆ ಸುಳ್ಳು ಹೇಳಿದೆ.

ಸುದ್ದಿ ಹಬ್ಬಿತು. ನಮ್ಮ ಕಡೆ ಮನಸ್ಸಿನ ವೈದ್ಯರು ಕಡಿಮೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮನೆಗೆ ಇಬ್ಬರಂತೆ ಇದ್ದಾರೆ. ಹೆಡ್‌ಮಾಸ್ತರರು ನನ್ನ ಹೊಟ್ಟೆಯ ಕಡೆ ನೋಡಿ "ಗ್ಯಾಸ್ ರೀ ಅದು. ತಲಿಗೇರೇತಿ. ಓಮಿನ ಕಷಾಯ ಕುಡೀರಿ" ಎಂದು ತೀರ್ಪು ಕೊಟ್ಟರು. ಅತ್ತೆಯವರು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಮನೆಯವರೆಲ್ಲ ಕೆಮ್ಮಿದರು. ನಾನು ಕೆಮ್ಮಲೂ ಬೇಸರಪಟ್ಟುಕೊಂಡು ಸುಮ್ಮನೆ ಕುಳಿತಿದ್ದೆ. ಪಕ್ಕದ ಮನೆಯ ನಿವೃತ್ತ ಅಂಚೆ ನೌಕರರು ಇನ್ನೂ ಆಧುನಿಕರು, ನಗೆಚಿಕಿತ್ಸೆಯವರು. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಗೆ ನನ್ನನ್ನು ಎಳೆದೊಯ್ದು "ಒಮ್ಮಿ ನಕ್ರ ಏಳ ಸಲ ತಿರುಗಿ ಬರ್ತೈತ್ರಿ ಮಾಸ್ತರ. ನಗ್ರಿ, ಪುಕ್ಕಟ ಐತಿ" ಎಂದು ತಾವೇ ಹಾ ಹಾ ಎಂದರು. ಗುಮ್ಮಟ ಏಳು ಸಲ ಹಾ ಹಾ ಎಂದಿತು. ನನ್ನ ಸರದಿ ಬಂದಾಗ ಒಂದು ನಿಟ್ಟುಸಿರಷ್ಟೇ ಹೊರಟಿತು. ಆ ಪ್ರಾಮಾಣಿಕ ಕಟ್ಟಡ ಅದನ್ನೂ ಏಳು ಸಲ ಹಿಂದಿರುಗಿಸಿತು. ಪ್ರವಾಸಕ್ಕೆ ಬಂದ ಒಂದು ಕುಟುಂಬ ಬೇಗ ಬೇಗ ಮೆಟ್ಟಿಲಿಳಿದು ಹೋಯಿತು.

ಇವರನ್ನೆಲ್ಲ ಗೇಲಿ ಮಾಡುವ ಹಕ್ಕು ನನಗಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಚಿತ್ರಕಲೆಯ ಮೇಷ್ಟ್ರು ಹೀಗೇ ಮಂಕಾಗಿ ಕುಳಿತಿದ್ದಾಗ "ಮನಸ್ಸು ಗಟ್ಟಿ ಮಾಡ್ರಿ ಸರ" ಎಂದು ಹೆಗಲು ತಟ್ಟಿದವನು ನಾನೇ. ಕಾಲು ಮುರಿದವನಿಗೆ ಓಡು ಎಂದಂತಾಯಿತೆಂದು ಆಗ ಹೊಳೆಯಲಿಲ್ಲ. ಅವರಿಗೇನಾಯಿತೋ ಕಾಣೆ, ನನಗಂತೂ ಆ ದಿನವೆಲ್ಲ ಬಹಳ ಹಿತವಾಗಿತ್ತು. ಉಪದೇಶ ಕೊಟ್ಟವರ ಆರೋಗ್ಯಕ್ಕೆ ಅದು ನಿಜವಾಗಿಯೂ ಒಳ್ಳೆಯದು.

ಕೊನೆಗೆ ನಮ್ಮ ಮನೆಯ ಡಾಕ್ಟರು ರಕ್ತ ತೆಗೆಸಿದರು. ಥೈರಾಯ್ಡ್ ಸರಿ, ಸಕ್ಕರೆ ಸರಿ, ಎಲ್ಲ ಸರಿ. ಬಂಧುಗಳಿಗೆಲ್ಲ ನಿರಾಸೆಯಾಯಿತು. ಡಾಕ್ಟರು ಮಾತ್ರ ಚೀಟಿಯಲ್ಲಿ ಮನೋವೈದ್ಯೆಯೊಬ್ಬರ ಹೆಸರು ಬರೆದುಕೊಟ್ಟರು. ನಾನು ಅದನ್ನು ಮಡಚಿ ಮಡಚಿ ಕಡಲೆಕಾಳಿನಷ್ಟು ಮಾಡಿ ಕಿಸೆಗೆ ಹಾಕಿದೆ. ಅಂಗಿ ಒಗೆಯುವಾಗ ಶಾರದಾ ಅದನ್ನು ಬಿಡಿಸಿ ಓದಿದಳು.

"ನಾಳೆ ಹೋಗೂಣ್ರಿ," ಅಂದಳು.

"ಜನಾ ಏನಂದಾರ?"

"ಈಗೇನ ಸುಮ್ಮ ಕುಂತಾರೇನ್ರಿ ಅವರು?"

ಮರುದಿನವೇ ಹೋದೆವು.

ಮನೋವೈದ್ಯೆ ನನ್ನ ಹಳೆಯ ವಿದ್ಯಾರ್ಥಿನಿಯರಷ್ಟು ಚಿಕ್ಕವರು. ಗಡಿಯಾರ ತೂಗಾಡಿಸಲಿಲ್ಲ, ಮಂಚದ ಮೇಲೆ ಮಲಗಿಸಲಿಲ್ಲ. ನಿದ್ದೆ ಹೇಗಿದೆ, ಊಟ ಹೇಗಿದೆ, ಮೊದಲು ಇಷ್ಟವಾಗುತ್ತಿದ್ದದ್ದು ಈಗ ಆಗುತ್ತದೆಯೇ, ಎಷ್ಟು ವಾರದಿಂದ ಹೀಗೆ ಎಂದು ಒಂದೊಂದಾಗಿ ಕೇಳಿದರು. ಕಡೆಗೆ, ಉಳಿದ ಪ್ರಶ್ನೆಗಳನ್ನು ಕೇಳಿದ ದನಿಯಲ್ಲೇ, "ಬದುಕೂದು ಸಾಕು ಅನ್ನಿಸ್ತದೇನ್ರಿ ಸರ?" ಎಂದರು.

"ಛೇ ಛೇ, ಇಲ್ರಿ," ಅಂದೆ. ಮೇಷ್ಟ್ರು ಸುಳ್ಳು ಹೇಳುವಾಗ ದನಿ ಸ್ವಲ್ಪ ದೊಡ್ಡದಾಗುತ್ತದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ ಏನೋ ಬರೆದುಕೊಂಡರು.

"ಇದು ಡಿಪ್ರೆಶನ್ ರೀ. ಖಿನ್ನತೆ."

"ನನಗ ಖಿನ್ನ ಆಗಾಕ ಕಾರಣನ ಇಲ್ಲಲ್ರಿ ಮೇಡಂ."

"ಕಾರಣ ಇದ್ರೂ ಬರ್ತದ, ಇಲ್ಲದಿದ್ರೂ ಬರ್ತದ. ನಿಮ್ಮ ತಪ್ಪಲ್ಲ ಅದು. ಗುಳಿಗಿ ಕೊಡ್ತೇನಿ, ಜೋಡಿ ಮಾತಾಡೂದೂ ಐತಿ. ಮೊದಲ ಎರಡ ಮೂರ ವಾರ ಏನೂ ಫರಕ್ ಕಾಣಸೂದಿಲ್ಲ. ಕಂಡ ಮ್ಯಾಲೂ ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ. ಬಿಡೂದ ಯಾವಾಗ ಅಂತ ನಾ ಹೇಳ್ತೇನಿ."

ಆ ಗುಳಿಗೆಯ ಸ್ವಭಾವ ವಿಚಿತ್ರ. ಅಡ್ಡ ಪರಿಣಾಮಗಳು ಮುಂಜಾನೆಯ ಮೊದಲ ಬಸ್ಸಿಗೇ ಬಂದಿಳಿದವು. ಪರಿಣಾಮ ಕೊನೆಯ ಬಸ್ಸಿಗೆ ಬಂತು. ಹೊಟ್ಟೆ ತೊಳಸಿತು, ಬಾಯಿ ಒಣಗಿತು, ಹಗಲಲ್ಲೇ ಆಕಳಿಕೆ. ಇಷ್ಟೆಲ್ಲ ಮಾಡಿದ ಗುಳಿಗೆ ಮನಸ್ಸನ್ನು ಮಾತ್ರ ಮುಟ್ಟದೆ ಕುಳಿತಿತ್ತು. ನಾಲ್ಕನೆಯ ವಾರವಿರಬೇಕು, ತಿಕೋಟಾ ಬಸ್ಸಿನ ಕಿಟಕಿಯಿಂದ ದ್ರಾಕ್ಷಿ ತೋಟಗಳನ್ನು ನೋಡುತ್ತಿದ್ದವನಿಗೆ ಅವು ಹಸಿರಾಗಿವೆ ಅನ್ನಿಸಿತು. ಮೊದಲೂ ಹಸಿರಾಗಿಯೇ ಇದ್ದವಂತೆ, ಕಂಡಕ್ಟರನನ್ನು ಕೇಳಿದೆ. ಅವನು ಹೂಂ ಎಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಂದೆ ಹೋದ.

ಇಲ್ಲಿಗೆ ಮುಗಿಸಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಬಬಲೇಶ್ವರದಲ್ಲಿ ನನ್ನ ಸೋದರಮಾವ ಶಿವಪ್ಪ ಮಾಮಾ ಇದ್ದಾರೆ. ದ್ರಾಕ್ಷಿ ಬೆಳೆಯುತ್ತಾರೆ, ಒಣಗಿಸಿ ಮಣೂಕ ಮಾಡುತ್ತಾರೆ, ಉಳಿದ ವೇಳೆಯಲ್ಲಿ ನನ್ನ ಮೇಲೆ ಪ್ರೀತಿ ಸುರಿಸುತ್ತಾರೆ. ಅದೇ ದಿನಗಳಲ್ಲಿ ಒಮ್ಮೆ ಅವರ ಮನೆಗೆ ಹೋದಾಗ ನನ್ನ ಕಂಪಾಸ್ ಪೆಟ್ಟಿಗೆಯಿಂದ ಪೆನ್ಸಿಲ್ ತೆಗೆಯಲು ಹೋಗಿ ಗುಳಿಗೆಯ ಪಟ್ಟಿ ತೆಗೆದರು.

"ಏನಲೇ ಮಲ್ಲ್ಯಾ ಇದು? ತಲಿಗುಳಿಗೀನ? ಚಟಾ ಆಗ್ತೈತಲೇ ಇದು! ಒಮ್ಮಿ ಹಿಡಕೊಂಡ್ರ ಜಲ್ಮಪೂರ್ತಿ ಬಿಡಂಗಿಲ್ಲ."

ಹೀಗೆ ಎಚ್ಚರಿಸುವಾಗ ಅವರು ಎಡ ಅಂಗೈಯಲ್ಲಿ ತಂಬಾಕಿಟ್ಟುಕೊಂಡು ಬಲ ಹೆಬ್ಬೆರಳಿಂದ ಸುಣ್ಣ ತಿಕ್ಕುತ್ತಿದ್ದರು. ಮಾತು ಮುಗಿದ ಮೇಲೆ ಚಟಪಟ ಬಡಿದು ಧೂಳು ಹಾರಿಸಿ ತುಟಿಯ ಒಳಗೆ ಇಟ್ಟುಕೊಂಡರು. ನಲವತ್ತು ವರ್ಷದಿಂದ ತಂಬಾಕು ತಿನ್ನುವವರಿಂದ ಚಟದ ಬಗ್ಗೆ ಕೇಳುವುದು ತಜ್ಞರಿಂದ ಕೇಳಿದ ಹಾಗೆ. ನಾನು ನಂಬಿದೆ. ಹೇಗೂ ಗುಣವಾಗಿತ್ತಲ್ಲ, ಶಾರದಾಳಿಗೂ ಡಾಕ್ಟರಿಗೂ ಹೇಳದೆ ಬಿಟ್ಟುಬಿಟ್ಟೆ. ನಾಲ್ಕು ದಿನ ತಲೆ ತಿರುಗಿತು. ಒಳಗಿನ ವಿಷ ಹೊರಗೆ ಹೋಗುತ್ತಿದೆ ಎಂದು ಮಾಮಾ ಸಂತೋಷಪಟ್ಟರು.

ತಿಂಗಳು ಕಳೆಯುವಷ್ಟರಲ್ಲಿ ಆ ಮಂಕು, ತನ್ನ ಮನೆಗೆ ತಾನೇ ಬಂದಂತೆ, ಚಪ್ಪಲಿ ಕಳಚಿ ಒಳಗೆ ಬಂದು ಕುಳಿತಿತು. ಈ ಸಲ ಅದಕ್ಕೆ ಅವಸರವೂ ಇತ್ತು. ನನ್ನಿಂದ ಮನೆಯವರಿಗೆ ಭಾರವೇ ಹೊರತು ಬೇರೇನೂ ಇಲ್ಲವೆಂದು ಹಗಲೆಲ್ಲ ಹೇಳತೊಡಗಿತು. ನಾನು ಜೀವನದಲ್ಲಿ ಕೇಳಿದ ಅತ್ಯಂತ ಕೆಟ್ಟ ತರ್ಕ ಅದು. ಪರೀಕ್ಷೆಯಲ್ಲಿ ಯಾರಾದರೂ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ಆಗ ಮಾತ್ರ ಪೂರ್ಣ ಅಂಕ ಕೊಟ್ಟೆ. ಒಂದು ಭಾನುವಾರ ಮಧ್ಯಾಹ್ನ ಮಾಮಾನ ತೋಟದಲ್ಲಿ ಎಲ್ಲರೂ ಮಣೂಕದ ಶೆಡ್ಡಿನ ನೆರಳಿನಲ್ಲಿದ್ದಾಗ ನಾನೊಬ್ಬನೇ ಕೃಷಿಹೊಂಡದ ಏರಿಯ ಮೇಲೆ ನಿಂತಿದ್ದೆ. ನೀರನ್ನು ನೋಡುವುದಕ್ಕೆ ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೆ.

"ರೀ, ಊಟಕ್ಕ ಬರ್ರಿ," ಎಂದು ಶಾರದಾ ಶೆಡ್ಡಿನಿಂದ ಕೂಗಿದಳು. ನನ್ನ ಕಾಲು ಕೀಳಲಿಲ್ಲ. ಅವಳೇ ನಡೆದು ಬಂದಳು. ಬಂದು ನನ್ನ ಮುಖ ನೋಡಿ ತೋಳು ಹಿಡಿದುಕೊಂಡಳು.

"ಶಾರದಾ, ನನಗ ಬದುಕೂದು ಬ್ಯಾಡ ಅನಸ್ತೈತಿ. ಗುಳಿಗಿ ಬಿಟ್ಟೇನಿ," ಅಂದೆ. ಹೇಳಿ ಮುಗಿಸುವಷ್ಟರಲ್ಲಿ ಅವಳು ನನ್ನನ್ನು ಏರಿಯಿಂದ ಕೆಳಗಿಳಿಸಿದ್ದಳು.

ಅವಳ ಹಿಂದೆಯೇ ಬಂದಿದ್ದ ಶಿವಪ್ಪ ಮಾಮಾ ಎಲ್ಲ ಕೇಳಿಸಿಕೊಂಡರು. ಆಮೇಲೆ ತುಟಿಯೊಳಗಿನ ತಂಬಾಕು ಉಗುಳಿ, "ನಂದ ತಪ್ಪಾತು ನಡೀಪಾ. ತಿಳೀಲಾರದ್ದ ತಿಳಿದಾಂವನಂಗ ಹೇಳಿಬಿಟ್ಟೆ," ಎಂದರು. ಆ ಮೀಸೆಯ ಕೆಳಗಿನಿಂದ ಇಂಥ ಮಾತು ಬರಬಹುದೆಂದು ನಾನು ಎಣಿಸಿರಲಿಲ್ಲ.

ಅವತ್ತೇ ಶಾರದಾ ಮನೋವೈದ್ಯೆಗೆ ಫೋನ್ ಮಾಡಿದಳು. ಮರುದಿನ ಬೆಳಿಗ್ಗೆ ಮತ್ತದೇ ಕುರ್ಚಿ, ಮತ್ತದೇ ಪ್ರಶ್ನೆ. ಈ ಸಲ ನಿಜ ಹೇಳಿದೆ. ಬೈಯುತ್ತಾರೆಂದು ಕಾದೆ. "ಇದನ್ನ ಹೇಳಾಕ ಧೈರ್ಯ ಬೇಕ್ರಿ. ಛಲೋ ಮಾಡಿದ್ರಿ," ಎಂದರು ಅಷ್ಟೇ. ಗುಳಿಗೆ ಮತ್ತೆ ಶುರುವಾಯಿತು. ಅದು ಶಾರದಾಳ ವಶಕ್ಕೆ ಹೋಯಿತು. ಕೆಲವು ವಾರ ನನ್ನನ್ನು ಒಬ್ಬನನ್ನೇ ಬಿಡಬಾರದೆಂದು ಅಪ್ಪಣೆಯಾಯಿತು. ಶಾಲೆಗೆ ರಜೆ ಬರೆದೆ. ಹೆಡ್‌ಮಾಸ್ತರರು ಅರ್ಜಿ ನೋಡಿ "ಖಿನ್ನತೆ ಅಂತ ಬರೀಬ್ಯಾಡ್ರೀ, ಟೈಫಾಯ್ಡ್ ಅನ್ರಿ. ಸಾಲಿ ಮರ್ಯಾದಿ ಪ್ರಶ್ನೆ" ಎಂದರು. ಟೈಫಾಯ್ಡಿನಿಂದ ಶಾಲೆಯ ಮರ್ಯಾದೆ ಹೇಗೆ ಹೆಚ್ಚುತ್ತದೆಂದು ನನಗೆ ಇಂದಿಗೂ ತಿಳಿದಿಲ್ಲ.

ಆಮೇಲಿನದು ನಿಧಾನದ ಕೆಲಸ. ಗುಣವಾದಂತೆ ಅದರ ಶ್ರೇಯಸ್ಸಿಗೆ ಹಕ್ಕುದಾರರು ಹುಟ್ಟಿಕೊಂಡರು. ಅತ್ತೆಯವರು ಮೆಣಸಿನಕಾಯಿಗೆ ಕೊಟ್ಟರು, ಹೆಡ್‌ಮಾಸ್ತರರು ತಾವು ಹೇಳಿದ ಓಮಿನ ಕಷಾಯಕ್ಕೆ, ಪಕ್ಕದ ಮನೆಯವರು ಗುಮ್ಮಟಕ್ಕೆ. ಗುಳಿಗೆ ಮಾತ್ರ ಎಲ್ಲೂ ಭಾಷಣ ಮಾಡಲಿಲ್ಲ. ಡಾಕ್ಟರ ಬಳಿ ಹೋಗುವ ದಿನ ಶಿವಪ್ಪ ಮಾಮಾ ಬಬಲೇಶ್ವರದಿಂದ ಬೈಕಿನಲ್ಲಿ ಬರುತ್ತಾರೆ, ನನ್ನನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಾರೆ. ಊರಿನಲ್ಲಿ ಮಾತ್ರ ನನಗೆ ಮಂಡಿನೋವು ಎಂದು ಹೇಳಿದ್ದಾರೆ. ಬಬಲೇಶ್ವರಕ್ಕೆ ಹೋದಾಗ ಅವರ ಮಾನ ಕಾಯಲು ನಾನು ಸ್ವಲ್ಪ ಕುಂಟುತ್ತೇನೆ.

ಕಳೆದ ತಿಂಗಳು ಮನೋವೈದ್ಯೆಯ ಆಸ್ಪತ್ರೆಯಲ್ಲಿ ಕಾಯುತ್ತ ಕುಳಿತಿದ್ದಾಗ ಇಟ್ಟಂಗಿಹಾಳದ ಅತ್ತೆ-ಸೊಸೆ ಪಕ್ಕದಲ್ಲಿ ಬಂದು ಕುಳಿತರು. ಸೊಸೆಯ ಮಡಿಲಲ್ಲಿ ಕೂಸು. ಅವಳ ಕಣ್ಣು ನೆಲದ ಮೇಲೆ. ಅತ್ತೆ ಮಾಮಾನ ಮೀಸೆಯನ್ನು ಕರುಣೆಯಿಂದ ನೋಡಿ, "ನಿಮಗೇನಾಗೇತ್ರೀ ಯಜಮಾನರ?" ಎಂದರು.

"ನನಗೇನಾಗಿಲ್ರಿ!" ಮಾಮಾ ಗಾಬರಿಯಾದರು. "ಇವಗ. ನನ್ನ ಅಳಿಯಗ."

"ಹೌದ್ರೀ ಅಕ್ಕಾರ, ಪೇಶೆಂಟ್ ನಾನ," ಅಂದೆ.

"ಛಲೋನ ಕಾಣ್ತೀರಲ್ರಿ! ನಮ್ಮ ಸೊಸೀದು ನೋಡ್ರಿ, ಹಡದ ಮ್ಯಾಲಿಂದ ಬರೇ ಅಳೂದ. ಕೂಸ ನೋಡಿದ್ರ ಖುಷಿ ಆಗಬೇಕೋ ಬ್ಯಾಡೋ? ಎರಡ ಸಲ ಬಂದ್ವಿ, ಗುಳಿಗಿ ನುಂಗಾಕತ್ತಾಳ. ಏನ್ ಆಗ್ತೈತೋ ಏನೋ," ಎನ್ನುತ್ತ ಆಕೆ ನೀರು ಕುಡಿಯಲು ಎದ್ದರು.

ಅವರು ಅತ್ತ ಹೋದದ್ದೇ ಸೊಸೆ ಮೊದಲ ಬಾರಿ ತಲೆಯೆತ್ತಿ, ಬಹಳ ಸಣ್ಣ ದನಿಯಲ್ಲಿ ಕೇಳಿದಳು: "ಕಮ್ಮಿ ಆಗಾಕತ್ತೈತಿ ಅಂತ ಹೆಂಗ ಗೊತ್ತಾಗ್ತೈತ್ರೀ ಸರ?"

ಮೂವತ್ತು ವರ್ಷ ಪಾಠ ಹೇಳಿದವನಿಗೆ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಯೋಚಿಸಿ ಹೇಳಿದೆ: "ಒಂದಿನಾ ಬಸ್ಸಿನ್ಯಾಗ ಒಬ್ಬಾಂವ ನನ್ನ ಕಾಲ ತುಳದ ನೋಡವ್ವಾ. ಭಾಳ ಸಿಟ್ಟ ಬಂತು. ಸಿಟ್ಟ ಬರೂದೂ ನಿಂತಹೋಗಿತ್ತು ನನಗ. ಆವತ್ತ ಗೊತ್ತಾತು, ಜೀವ ತಿರುಗಿ ಬರಾಕತ್ತೈತಿ ಅಂತ."

ಅವಳು ಕೂಸಿನ ಟೋಪಿ ಸರಿಮಾಡಿದಳು. ನೀರಿನ ಲೋಟ ಹಿಡಿದು ಯಾರಿಗೋ ತನ್ನ ಸೊಸೆಯ ವಿಷಯ ಮೊದಲಿಂದ ಹೇಳುತ್ತಿದ್ದ ಅತ್ತೆಯ ಕಡೆ ಒಮ್ಮೆ ದೀರ್ಘವಾಗಿ ನೋಡಿದಳು.

"ಹಂಗಾರ ನನಗೂ," ಎಂದಳು, "ಸ್ವಲ್ಪ ಸ್ವಲ್ಪ ಕಮ್ಮಿ ಆಗಾಕತ್ತೈತಿ ಅನಸ್ತೈತ್ರಿ ಸರ."