ಚಿಕ್ಕಬೈರಪ್ಪ ಹುದುಗಿಟ್ಟ ಹಿಟ್ಟು

ಬೊಮ್ಮಸಂದ್ರದ ಮಗಳ ಮನೆಯಿಂದ ಸೋಮವಾರ ಬರಬೇಕಾಗಿದ್ದ ನಾಗಲಕ್ಷ್ಮಮ್ಮ ಭಾನುವಾರ ಬೆಳಿಗ್ಗೆಯೇ ಬಂದುಬಿಟ್ಟಳು. ಮಗಳು ಮಂಜುಶ್ರೀಗೆ ಕಾರ್ಖಾನೆಯಲ್ಲಿ ಇದ್ದಕ್ಕಿದ್ದಂತೆ ಶಿಫ್ಟು ಬದಲಾಗಿತ್ತು, ಅಳಿಯ ಊರಿನಲ್ಲಿರಲಿಲ್ಲ. ಯಾರೂ ಇಲ್ಲದ ಮನೆಯಲ್ಲಿ ಟೀವಿ ನೋಡುತ್ತ ಕೂರುವುದು ಅವಳಿಗೆ ಆಗದ ಕೆಲಸ. ಕಾಡುಗೋಡಿಯಲ್ಲಿ ಬಸ್ಸಿಳಿದು, ಮಾರ್ಕೆಟ್ಟಿನಲ್ಲಿ ಎರಡು ಕಟ್ಟು ದಂಟಿನ ಸೊಪ್ಪು ಕೊಂಡು, ಮನೆಗೆ ಬಂದು ನೋಡಿದರೆ ಬಾಗಿಲಿಗೆ ಬೀಗ. ಗಂಡ ಎಲ್ಲಿಗೋ ಹೋಗಿರಬೇಕು ಎಂದುಕೊಂಡು ತನ್ನ ಹತ್ತಿರವಿದ್ದ ಕೀಲಿಯಿಂದ ಬೀಗ ತೆಗೆದಳು. ಒಳಗೆ ಒಂದು ಕಾಲಿಟ್ಟವಳು ಹಾಗೆಯೇ ನಿಂತಳು.

ಮನೆಯೊಳಗೆ ಹೆಂಡದ ವಾಸನೆ.

ಮೊದಲು ತನ್ನ ಮೂಗಿನದೇ ಭ್ರಮೆ ಎಂದುಕೊಂಡಳು. ಸೊಪ್ಪಿನ ಕಟ್ಟನ್ನು ಅಲ್ಲೇ ಕೆಳಗಿಟ್ಟು ಇನ್ನೊಮ್ಮೆ ಉಸಿರೆಳೆದಳು. ಅದೇ ವಾಸನೆ. ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ಮೂಗಿನ ಮೇಲ್ಭಾಗಕ್ಕೆ ಹೋಗಿ ಕೂರುವಂಥದ್ದು. ಈ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಆ ವಾಸನೆ ಇರಲಿಲ್ಲ.

ನಾಗಲಕ್ಷ್ಮಮ್ಮ ಹೊಸಕೋಟೆ ಆಚೆಯ ಹಳ್ಳಿಯವಳು. ಮದುವೆಯಾಗಿ ಬಂದಾಗ ಈ ಮನೆಯ ಹಿತ್ತಲಿನಿಂದಲೇ ಹೊಲ ಶುರುವಾಗುತ್ತಿತ್ತು. ರಾಗಿ, ಅವರೆ, ಒಂದಿಷ್ಟು ಸೇವಂತಿಗೆ ಬೆಳೆಯುತ್ತಿದ್ದರು. ಗಂಡ ಚಿಕ್ಕಬೈರಪ್ಪ ಆಗ ಹಬ್ಬಕ್ಕೋ ದೇವರ ಊಟಕ್ಕೋ ಒಂದಿಷ್ಟು ಕುಡಿಯುತ್ತಿದ್ದ, ಅಷ್ಟೆ. ಹೊಲ ಲೇಔಟಾಗಿ, ಉಳಿದ ಜಾಗದಲ್ಲಿ ಮೂರಂತಸ್ತು ಎದ್ದು, ಮೇಲಿನ ಮನೆಗಳಿಗೆ ಬಾಡಿಗೆಯವರು ಬಂದ ಮೇಲೆ ಅವನಿಗೆ ಬೆಳಿಗ್ಗೆ ಎದ್ದು ಮಾಡಲು ಏನೂ ಉಳಿಯಲಿಲ್ಲ. ಕುಡಿತ ದಿನದ ಕೆಲಸವಾಯಿತು. ಕೊನೆಗೆ ಮಂಜುಶ್ರೀಯ ನಿಶ್ಚಿತಾರ್ಥದ ದಿನ ಬೀಗರೆಲ್ಲ ನೋಡುತ್ತಿದ್ದಂತೆ ಅವನು ತಾಂಬೂಲದ ತಟ್ಟೆಗಳ ಮೇಲೆಯೇ ಕವುಚಿ ಬಿದ್ದ.

ಮರುದಿನ ನಾಗಲಕ್ಷ್ಮಮ್ಮ ಕೆರೆ ಏರಿಯ ಮುನೇಶ್ವರನ ಮುಂದೆ ನಿಂತು ಹರಕೆ ಹೊತ್ತಳು. ಗಂಡ ಕುಡಿತ ಬಿಟ್ಟರೆ ತಾನು ಬಾಡು ಬಿಡುತ್ತೇನೆ ಎಂದಳು. ನಾಟಿ ಕೋಳಿ ಸಾರು ಎಂದರೆ ಪ್ರಾಣ ಬಿಡುತ್ತಿದ್ದ ಹೆಂಗಸಿಗೆ ಅದು ಸಣ್ಣ ಹರಕೆಯೇನಲ್ಲ. ಒಂದು ತಿಂಗಳೊಳಗೆ ಚಿಕ್ಕಬೈರಪ್ಪ ಬಾಟಲಿ ಮುಟ್ಟುವುದನ್ನು ನಿಲ್ಲಿಸಿದ. ಅವಳು ಆವತ್ತಿನಿಂದ ಬಾಡು ಮುಟ್ಟಲಿಲ್ಲ. ಮುನೇಶ್ವರನ ಮಹಿಮೆಯನ್ನು ಕಂಡಕಂಡವರಿಗೆಲ್ಲ ಹೇಳಿದಳು. ಅವಳ ಮಾತು ಕೇಳಿ ಅಲ್ಲಿಗೆ ಹೋಗಿ ಹರಕೆ ಹೊತ್ತ ಹೆಂಗಸರೂ ಇದ್ದರು.

ಈಗ ಆ ವಾಸನೆಯ ಜಾಡು ಹಿಡಿದು ಅವಳು ಅಡುಗೆಮನೆಗೆ ಹೋದಳು. ಕಟ್ಟೆಯ ಮೇಲೆ ಒಂದು ಲೋಟ, ಅದರ ಒಳಮೈಗೆ ಒಣಗಿದ ಕಂದು ನೊರೆ. ಅಲ್ಲಿಂದ ಪಕ್ಕದ ಉಗ್ರಾಣಕ್ಕೆ ಬಂದಳು. ಕಿಟಕಿಯ ಬಿಸಿಲು ಬೀಳುವ ಜಾಗದಲ್ಲಿ, ಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ಸ್ಟೀಲ್ ಪಾತ್ರೆ ಕೂತಿತ್ತು. ಅದರ ಬಾಯಿಗೆ ಒದ್ದೆ ಬಟ್ಟೆ ಕಟ್ಟಿತ್ತು. ಬಟ್ಟೆ ಒಳಗಿನಿಂದ ಯಾರೋ ತಳ್ಳಿದಂತೆ ಮೇಲಕ್ಕೆ ಉಬ್ಬಿತ್ತು.

ನಾಗಲಕ್ಷ್ಮಮ್ಮ ಅಕ್ಕಿ ಚೀಲದ ಮೇಲೆ ಕುಸಿದು ಕೂತಳು. ಹೊರಗೆ ಕುಡಿಯುವುದು ಹೋಗಲಿ, ಮನೆಯಲ್ಲೇ ಕಾಯಿಸಲು ಶುರು ಮಾಡಿದ್ದಾನೆ ಎಂದುಕೊಂಡಳು. ತಾನು ಮಗಳ ಮನೆಗೆ ಹೋಗುವುದನ್ನೇ ಕಾಯುತ್ತಿದ್ದನೇನೋ. ಎಷ್ಟು ದಿನದಿಂದ ಇದು ನಡೆಯುತ್ತಿದೆಯೋ. ಅಳಬೇಕೆನಿಸಿತು, ಅಳು ಬರಲಿಲ್ಲ.

ಬಹಳ ಹೊತ್ತಾದ ಮೇಲೆ ಎದ್ದು ಬಟ್ಟೆ ಬಿಚ್ಚಿದಳು. ಒಳಗೆ ನೀರಿನಂಥದ್ದು ಏನೂ ಇರಲಿಲ್ಲ. ಬೆಳ್ಳಗಿನ ದೊಡ್ಡ ಮುದ್ದೆಯೊಂದು ಪಾತ್ರೆಯ ಕಂಠದವರೆಗೂ ತುಂಬಿಕೊಂಡು, ಮೈಮೇಲೆ ಸಣ್ಣ ಗುಳ್ಳೆಗಳೊಂದಿಗೆ ಕೂತಿತ್ತು. ಹೆದರಿ ಹೆದರಿ ಒಂದು ಬೆರಳಿಟ್ಟಳು. ಮುದ್ದೆ ಉಸ್ಸೆಂದು ಗಾಳಿ ಬಿಟ್ಟು ಬೆರಳಿನ ಸುತ್ತ ಕುಸಿಯಿತು. ಹಾವು ಮುಟ್ಟಿದವಳಂತೆ ಅವಳು ಕೈ ಹಿಂದಕ್ಕೆಳೆದುಕೊಂಡಳು. ಅದೇ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಚ್ಚುವ ಸದ್ದಾಯಿತು.

ಚಿಕ್ಕಬೈರಪ್ಪ ಒಳಗೆ ಬಂದವನು ಹೆಂಡತಿಯನ್ನು ನೋಡಿ ಗೋಡೆಗೆ ಕೈ ಕೊಟ್ಟ. ಕೈಯಲ್ಲಿ ಬಟ್ಟೆ ಚೀಲ, ಅದರೊಳಗಿನಿಂದ ದಪ್ಪ ಮೆಣಸಿನಕಾಯಿ ಇಣುಕುತ್ತಿತ್ತು.

"ಇದೇನು?" ಎಂದಳು ನಾಗಲಕ್ಷ್ಮಮ್ಮ.

"ಇಟ್ಟು ಕಣೆ."

"ಯಾವ ಇಟ್ಟು? ನಂಗೇನು ಯೆಂಡದ ವಾಸನೆ ಗೊತ್ತಾಗಲ್ವಾ?"

"ಪೀಜಾ ಇಟ್ಟು," ಎಂದ ಅವನು ನೆಲ ನೋಡುತ್ತ. "ಅದ್ಕೆ ಈಸ್ಟ್ ಆಕ್ಬೇಕು. ಉಬ್ಬೋ ತನಕ ಅಂಗೇ ವಾಸನೆ ಬತ್ತದೆ."

ಅವಳು ಒಂದಕ್ಷರವನ್ನೂ ನಂಬಲಿಲ್ಲ. ಕುಡಿಯುತ್ತಿದ್ದ ಕಾಲದಲ್ಲಿ ಅವನು ಇದಕ್ಕಿಂತ ಚೆನ್ನಾದ ಸುಳ್ಳುಗಳನ್ನು ಹೇಳಿದ್ದ. ಹತ್ತಿರ ಕರೆದು ಅವನ ಉಸಿರನ್ನು ಮೂಸಿ ನೋಡಿದಳು. ಬೆಳಗಿನ ಕಾಫಿ, ಎಲೆಅಡಿಕೆ ಬಿಟ್ಟರೆ ಬೇರೇನೂ ಇರಲಿಲ್ಲ. ಹಾಗಿದ್ದರೆ ಮಾಡಿ ತೋರಿಸಿ ಎಂದಳು.

ಅವನು ಮಾಡಿ ತೋರಿಸಿದ. ಕುಡಿಯುವ ನೀರನ್ನೂ ಕೂತಲ್ಲಿಗೇ ತರಿಸಿಕೊಳ್ಳುತ್ತಿದ್ದ ಗಂಡಸು ಅಂಗಿಯ ತೋಳು ಮಡಿಸಿ, ಕೈಗೆ ಎಣ್ಣೆ ಸವರಿಕೊಂಡು, ಆ ಮುದ್ದೆಯನ್ನು ಕಟ್ಟೆಗೆ ಇಳಿಸಿ, ಮುಷ್ಟಿಯಿಂದ ಗುದ್ದಿ ಗಾಳಿ ತೆಗೆದು, ಉಂಡೆ ಮಾಡಿ ತಟ್ಟತೊಡಗಿದ. ಕೇಳದಿದ್ದರೂ ಮೆಲ್ಲಗೆ ವಿವರಿಸುತ್ತಿದ್ದ. ಬೀದಿ ಕೊನೆಯ ಅಂಗಡಿಯ ಸಾದಾ ಮೈದಾ ಸಾಕಂತೆ. ಈಸ್ಟನ್ನು ಬೇಕರಿಯವರು ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಾರಂತೆ. ಅದನ್ನು ಉಗುರು ಬೆಚ್ಚಗಿನ ನೀರಿಗೆ ಸಕ್ಕರೆಯ ಜೊತೆ ಹಾಕಿ ನೊರೆ ಬರುವವರೆಗೂ ಬಿಡಬೇಕು, ನೀರು ಬಿಸಿಯಾದರೆ ಈಸ್ಟ್ ಸತ್ತುಹೋಗುತ್ತದೆ. ಆಮೇಲೆ ಉಪ್ಪು, ಮನೆಯ ಎಣ್ಣೆ, ಕೈಗೆ ಅಂಟುವುದು ಬಿಡುವಷ್ಟು ನಾದು, ಬೆಚ್ಚಗಿನ ಜಾಗದಲ್ಲಿ ಮುಚ್ಚಿಡುವುದು. ಓವನ್ ಬೇಕಿಲ್ಲ, ದೋಸೆ ಕಾವಲಿಯೇ ಆದೀತು. ಒಂದು ಮಗ್ಗುಲು ಬೆಂದ ಮೇಲೆ ತಿರುಗಿಸಿ, ಬೆಂದ ಕಡೆಗೆ ಟೊಮೇಟೊ ಗೊಜ್ಜು ಸವರಿ, ತರಕಾರಿ, ಚೂರು ಚೀಸ್ ಉದುರಿಸಿ, ಮೇಲೊಂದು ತಟ್ಟೆ ಮುಚ್ಚಿ ಉರಿ ಸಣ್ಣ ಮಾಡಬೇಕು. ಅಂಗಡಿಯಲ್ಲಿ ಒಂದು ಪೀಜಾಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಕೋಣೆ ತುಂಬ ಜನಕ್ಕೆ ಆಗುತ್ತದೆ ಎಂದ.

ನಾಗಲಕ್ಷ್ಮಮ್ಮ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ನಲವತ್ತು ವರ್ಷ ಸಂಸಾರ ಮಾಡಿದ ಗಂಡಸು ಇವನೇ ಹೌದೋ ಅಲ್ಲವೋ ಎಂಬ ಗುಮಾನಿ ಬಂತು. ತಲೆಗೇನಾದರೂ ಪೆಟ್ಟು ಬಿದ್ದಿದೆಯೋ ಎಂದೂ ಅನ್ನಿಸಿತು. ಅವನು ಹರಿದು ಕೊಟ್ಟ ಬಿಸಿ ಚೂರನ್ನು ಬಾಯಿಗಿಟ್ಟುಕೊಂಡಳು. ಮೆತ್ತಗಿತ್ತು, ತಳ ಗರಿಗರಿಯಾಗಿತ್ತು. ರುಚಿಯಾಗಿದ್ದುದೇ ಅವಳನ್ನು ಇನ್ನಷ್ಟು ಹೆದರಿಸಿತು. ಇದು ಮೊದಲ ಸಲ ಮಾಡಿದವನ ಕೈಯಲ್ಲ.

"ಕೋಣೆ ತುಂಬ ಜನ ಅಂದ್ರಲ್ಲ. ಯಾವ ಕೋಣೆ? ಯಾವ ಜನ?"

ಚಿಕ್ಕಬೈರಪ್ಪ ಒಲೆ ಆರಿಸಿದ. ತೋಳಿನಿಂದ ಹಣೆ ಒರೆಸಿಕೊಂಡು ಅವಳ ಮುಂದೆ ನೆಲದ ಮೇಲೆ ಕೂತ. ಪ್ರತಿ ಭಾನುವಾರ ಸಂಜೆ ಭಜನೆಗೆ ಹೋಗುತ್ತೇನೆಂದು ಹೇಳಿ ತಾನು ಹೋಗುತ್ತಿದ್ದುದು ಭಜನೆಗಲ್ಲ ಎಂದ. ರೈಲ್ವೆ ಸ್ಟೇಷನ್ನಿನ ಆಚೆ ಒಂದು ಶಾಲೆಯ ಕೋಣೆಯಲ್ಲಿ ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರುತ್ತಾರೆ. ಸುತ್ತ ಕೂತು ಒಬ್ಬೊಬ್ಬರೇ ಮಾತಾಡುತ್ತಾರೆ. ನಿಶ್ಚಿತಾರ್ಥದಲ್ಲಿ ಬಿದ್ದ ಮೇಲಿನ ವಾರ ಬಸ್ ಡ್ರೈವರ್ ಮುತ್ತಣ್ಣ ಎಂಬವನು ಕೈಹಿಡಿದು ಕರೆದುಕೊಂಡು ಹೋಗಿದ್ದನಂತೆ. ಅವತ್ತಿನಿಂದ ತಪ್ಪಿಸಿಲ್ಲ. ಬಿಟ್ಟು ವರ್ಷ ತುಂಬಿದವರು ಆ ದಿನ ಎಲ್ಲರಿಗೂ ಏನಾದರೂ ತಿನ್ನಲು ಕೊಡುವುದು ರೂಢಿ. ಬರುವವರಲ್ಲಿ ದಿನಗೂಲಿಯವರೇ ಬಹಳ, ಪೀಜಾ ತಿನ್ನಬೇಕೆಂಬ ಆಸೆ ಅವರಿಗೂ ಇರುತ್ತದೆ. ಅದಕ್ಕೇ ಕಳೆದೆರಡು ವರ್ಷದಿಂದ ಅವನು ಇದನ್ನು ಕಲಿತಿದ್ದ, ಅವಳಿಲ್ಲದಾಗ ಮಾಡುತ್ತಿದ್ದ. ಇವತ್ತು ಅವನದೇ ದಿನ.

ನಾಗಲಕ್ಷ್ಮಮ್ಮನಿಗೆ ಅಷ್ಟರಲ್ಲಿ ಬೇರೊಂದೇ ಮಾತು ಹೊಳೆದಿತ್ತು.

"ಅಂಗಾದ್ರೆ ಮುನೇಶ್ವರ?"

ಅವನು ಕೈಗಂಟಿದ ಹಿಟ್ಟನ್ನು ಉಜ್ಜತೊಡಗಿದ.

"ಬಿಡ್ಸಿದ್ದು ಮುನೇಶ್ವರ ಅಲ್ವಾ? ನಾನ್ ಬಾಡು ಬಿಟ್ಟಿದ್ದು ಯಾತಕ್ಕೆ?"

"ನಂಗೆ ಗೊತ್ತಿಲ್ಲ ಕಣೆ," ಎಂದ ಚಿಕ್ಕಬೈರಪ್ಪ. "ನೀನು ಊರಿಗೆಲ್ಲ ಯೋಳ್ಕೊಂಡ್ ಬಂದ್ಬಿಟ್ಟಿದ್ದೆ. ಅಷ್ಟು ಖುಷಿಯಾಗಿ ಯೋಳ್ತಿದ್ದೆ. ಅಲ್ಲ ಅಂತ ಯಾವ ಬಾಯಲ್ಲಿ ಅನ್ಲಿ? ಬಾಡು ತಿನ್ನು ಅಂತ ಎಷ್ಟ್ ಹಬ್ಬದಲ್ಲಿ ಯೋಳ್ದೆ ನಿಂಗೆ."

ಅವನು ಹೇಳಿದ್ದ, ನಿಜ. ಪ್ರತಿ ಸಲವೂ ಅವಳು ದೇವರ ಭಯವಿಲ್ಲದ ಮನುಷ್ಯ ಎಂದು ಅವನನ್ನು ಬೈದಿದ್ದಳು. ಈಗ ಅದೆಲ್ಲ ಒಟ್ಟಿಗೆ ನೆನಪಾಗಿ ಅವಳ ಕಿವಿ ಗುಂಯ್‌ಗುಟ್ಟಿತು. ಎದ್ದು ಹಿತ್ತಲಿಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಗಂಡ ಕುಡಿದಿಲ್ಲ ಎಂದು ಸಂತೋಷಪಡಬೇಕಿತ್ತು. ಬದಲಿಗೆ ಇಷ್ಟು ವರ್ಷ ತನ್ನ ಪಕ್ಕದಲ್ಲೇ ಮಲಗಿದವನ ಭಾನುವಾರಗಳು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದುಕೊಂಡು ಪಾತ್ರೆಯ ತಳವನ್ನು ಇನ್ನಷ್ಟು ಜೋರಾಗಿ ತಿಕ್ಕಿದಳು.

ಅವನು ಹಿತ್ತಲ ಬಾಗಿಲಿಗೆ ಬಂದು, ವರ್ಷ ತುಂಬಿದವರ ಮನೆಯವರು ಅವತ್ತು ಬರಬಹುದು, ಇಷ್ಟವಿದ್ದರೆ ಬಾ ಎಂದ. ಅವಳು ಇನ್ನೊಂದು ಪಾತ್ರೆ ಎತ್ತಿಕೊಂಡಳು. ಆದರೆ ಬಿಸಿಲು ಇಳಿಯುವ ಹೊತ್ತಿಗೆ ಸೀರೆ ಬದಲಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಲ್ಲಿ ಏನಿದೆಯೆಂದು ಕಣ್ಣಾರೆ ನೋಡದೆ ಅವಳಿಗೆ ನಿದ್ದೆ ಬರುವಂತಿರಲಿಲ್ಲ.

ಕೋಣೆಯಲ್ಲಿ ಮಕ್ಕಳ ಬೆಂಚುಗಳನ್ನು ಗೋಡೆಗೆ ಸರಿಸಿ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿದ್ದರು. ಗಾರೆ ಕೆಲಸದವರು, ಕಾರ್ಖಾನೆಯ ಯೂನಿಫಾರಂನಲ್ಲೇ ಬಂದವರು, ಕಾರಿನ ಕೀಲಿ ಹಿಡಿದ ಒಬ್ಬ ಯಜಮಾನರು. ಎಲ್ಲರೂ ಅವಳ ಗಂಡನನ್ನು ಬೈರಣ್ಣ ಎಂದು ಕರೆದು ತಬ್ಬಿಕೊಂಡರು. ಅವನು ಹೆಂಡತಿಯನ್ನು ಪರಿಚಯಿಸಿದಾಗ ಅವರೆಲ್ಲ ಕೈ ಮುಗಿದ ರೀತಿ ನೋಡಿದರೆ ತನ್ನ ವಿಷಯ ಇವರಿಗೆಲ್ಲ ಗೊತ್ತಿದೆ ಎನಿಸಿತು. ಅವಳು ತಲೆ ತಗ್ಗಿಸಿ ಮೂಲೆಯ ಕುರ್ಚಿಯಲ್ಲಿ ಕೂತಳು.

ಆಗ ಬಾಗಿಲಿನಿಂದ ಒಳಗೆ ಬಂದವಳು ನಿವೇದಿತಾ.

ನಿವೇದಿತಾ ಅವರ ಮನೆಯ ಎರಡನೆ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ. ದಾವಣಗೆರೆ ಕಡೆಯ ಲಿಂಗಾಯತರ ಮನೆಯವಳು, ಬೆಳ್ಳಂದೂರಿನ ಕಂಪನಿಯೊಂದರಲ್ಲಿ ಕೆಲಸ. ಬೆಳಿಗ್ಗೆ ವಿಭೂತಿ ಇಟ್ಟುಕೊಂಡೇ ಹೊರಡುವವಳು, ಎದುರಿಗೆ ಸಿಕ್ಕರೆ ತಲೆ ಬಾಗಿಸಿ ನಗುವವಳು. ಬಾಡಿಗೆದಾರರಿದ್ದರೆ ಹೀಗಿರಬೇಕು ಎಂದು ನಾಗಲಕ್ಷ್ಮಮ್ಮ ಬೀದಿಗೆಲ್ಲ ಹೇಳಿದ್ದಳು. ಮೊದಲ ಮಹಡಿಯ ಇಬ್ಬರು ಹುಡುಗರ ಕಸದ ಬುಟ್ಟಿಯಲ್ಲಿ ಬಿಯರ್ ಬಾಟಲಿ ಕಂಡಾಗ, ಅದೇ ವಾರ ಅವರ ಸಾಮಾನು ಹೊರಗೆ ಹಾಕಿಸಿದವಳೂ ಅವಳೇ.

ಇಬ್ಬರ ಕಣ್ಣೂ ಕೂಡಿದವು. ಹುಡುಗಿಯ ಮುಖ ಬಿಳಿಚಿಕೊಂಡಿತು. ನಾಗಲಕ್ಷ್ಮಮ್ಮ ಗಂಡನ ಕಡೆ ನೋಡಿದಳು, ಅವನು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ. ಈ ಹುಡುಗಿ ಇಲ್ಲಿಗೆ ಬರುತ್ತಾಳೆಂದು ಅವನಿಗೆ ಗೊತ್ತಿತ್ತು. ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರೂ ಮನೆಯಲ್ಲಿ ಇಬ್ಬರೂ ಅಪರಿಚಿತರಂತೆ ಇದ್ದರು. ಇಲ್ಲಿ ಕೇಳಿದ್ದು, ಇಲ್ಲಿ ಕಂಡಿದ್ದು ಹೊರಗೆ ಹೋಗಬಾರದು ಎಂಬುದು ಆ ಕೋಣೆಯ ಮೊದಲ ನಿಯಮ.

ಸಭೆಯಲ್ಲಿ ಯಾರು ಏನು ಹೇಳಿದರೋ ನಾಗಲಕ್ಷ್ಮಮ್ಮನಿಗೆ ಅರ್ಧವೂ ತಲೆಗೆ ಹೋಗಲಿಲ್ಲ. ಕೊನೆಗೆ ಡಬ್ಬ ತೆರೆದು ಪೀಜಾ ಚೂರುಗಳನ್ನು ಹಂಚಿದರು. ಗಾರೆ ಕೆಲಸದ ಮುದುಕನೊಬ್ಬ, ಈ ಹಿಟ್ಟು ಕಲಸುವುದನ್ನು ಬೈರಣ್ಣನಿಗೆ ಹೇಳಿಕೊಟ್ಟಿದ್ದು ನಮ್ಮ ನಿವೇದಿತಮ್ಮನೇ ಎಂದು ಏನೂ ಅರಿಯದೆ ಅವಳಿಗೆ ಹೇಳಿದ. ಅವಳು ಬಾಯಿಗೆ ಒಯ್ಯುತ್ತಿದ್ದ ಚೂರನ್ನು ಕೆಳಗಿಳಿಸಿದಳು.

ಮರುದಿನ ಬೆಳಿಗ್ಗೆ ನಿವೇದಿತಾ ಕೆಳಗಿಳಿದು ಬಂದಳು. ಆಫೀಸಿಗೆ ಹೊರಟ ಉಡುಪಿನಲ್ಲಿದ್ದಳು, ಬಾಗಿಲಾಚೆಯೇ ನಿಂತಳು.

"ಆಂಟಿ, ತಿಂಗಳ ಕೊನೆಗೆ ಖಾಲಿ ಮಾಡ್ತೀನಿ. ಅಪ್ಪ ಅಮ್ಮಂಗೆ ಮಾತ್ರ ಫೋನ್ ಮಾಡಬ್ಯಾಡ್ರಿ."

ರಾತ್ರಿಯೆಲ್ಲ ನಾಗಲಕ್ಷ್ಮಮ್ಮ ಏನೇನೋ ಯೋಚಿಸಿಟ್ಟುಕೊಂಡಿದ್ದಳು. ಇಂಥ ಹುಡುಗಿಗೆ ಅದು ಹೇಗೆ ಅಂಟಿಕೊಂಡಿತು, ಹೆತ್ತವರಿಗೆ ಗೊತ್ತೋ ಇಲ್ಲವೋ, ಈಗಲಾದರೂ ಪೂರ್ತಿ ಬಿಟ್ಟಿದ್ದಾಳೋ ಎಂದೆಲ್ಲ ಕೇಳಬೇಕೆಂದಿದ್ದಳು. ಹುಡುಗಿಯ ಕೈಗಳು ಬ್ಯಾಗಿನ ಪಟ್ಟಿಯನ್ನು ಹಿಂಡುತ್ತಿದ್ದುದನ್ನು ನೋಡಿದ ಮೇಲೆ ಒಂದೂ ಹೊರಡಲಿಲ್ಲ.

"ಖಾಲಿ ಯಾಕ್ ಮಾಡ್ತೀಯಾ? ನಾನೇನಾದ್ರೂ ಅಂದ್ನಾ?" ಎಂದಳು. "ಅಲ್ಲಿ ನೋಡಿದ್ದು ಅಲ್ಲೇ ಬಿಟ್ಟು ಬಂದಿದೀನಿ. ಹೋಗು, ಕೆಲ್ಸಕ್ಕೆ ಹೊತ್ತಾಯ್ತು."

ಹುಡುಗಿ ಇನ್ನೂ ನಿಂತೇ ಇದ್ದಳು. ನಾಗಲಕ್ಷ್ಮಮ್ಮ ಒಳಗೆ ಹೋಗಿ ಕಾಫಿ ತಂದು ಕೊಟ್ಟಳು. ಇಬ್ಬರೂ ಬಾಗಿಲಲ್ಲೇ ನಿಂತು ಕುಡಿದರು.

ಗಂಡನ ಮೇಲಿನ ಸಿಟ್ಟು ಮಾತ್ರ ಅಷ್ಟು ಬೇಗ ಇಳಿಯಲಿಲ್ಲ. ಹಲವು ದಿನ ಅವನ ಜೊತೆ ಅಗತ್ಯಕ್ಕಷ್ಟೇ ಮಾತಾಡಿದಳು. ಮುನೇಶ್ವರನ ಗುಡಿಗೂ ಹೋದಳು, ಕೈ ಮುಗಿದಳು, ಏನು ಕೇಳಿಕೊಳ್ಳಬೇಕೆಂದು ತಿಳಿಯದೆ ವಾಪಸು ಬಂದಳು.

ಎರಡು ತಿಂಗಳ ನಂತರ ನಿವೇದಿತಾ ಕುಡಿತ ಬಿಟ್ಟು ಮೂರು ವರ್ಷ ತುಂಬಿತು. ಅವತ್ತಿನ ಪೀಜಾಕ್ಕೆ ಹಿಟ್ಟನ್ನು ತಾನೇ ಕಲಸುತ್ತೇನೆಂದು ನಾಗಲಕ್ಷ್ಮಮ್ಮ ಹಟ ಹಿಡಿದಳು. ಗಂಡ ನೀರಿನ ಹದ ಹೇಳಲು ಬಂದರೆ ಗದರಿ ಕಳಿಸಿದಳು. ಒಲೆಯ ಮೇಲಿನಿಂದ ಇಳಿಸಿದ ನೀರನ್ನು ಹಾಗೆಯೇ ಸುರಿದಳೇನೋ, ಹಿಟ್ಟು ಉಬ್ಬಲೇ ಇಲ್ಲ. ಸುಟ್ಟು ಇಳಿಸಿದ ಪೀಜಾ ಹಲಗೆಯಷ್ಟು ಗಟ್ಟಿಯಾಗಿತ್ತು. ಬೇರೆ ಮಾಡಲು ಹೊತ್ತಿರಲಿಲ್ಲ. ಅದನ್ನೇ ಡಬ್ಬಕ್ಕೆ ತುಂಬಿಕೊಂಡು ಮೂವರೂ ಒಂದೇ ಆಟೋದಲ್ಲಿ ಹೋದರು. ಕೋಣೆಯಲ್ಲಿ ಎಲ್ಲರೂ ಗಟ್ಟಿಯೆಂದು ಒಂದು ಮಾತೂ ಆಡದೆ ಹಲ್ಲಿಗೆ ಸಿಕ್ಕಷ್ಟು ತಿಂದರು. ಆ ಗಾರೆ ಕೆಲಸದ ಮುದುಕ ಮಾತ್ರ ತನ್ನ ಪಾಲನ್ನು ಟೀಯಲ್ಲಿ ಅದ್ದಿಕೊಂಡು, ನಿಧಾನವಾಗಿ ಕೊನೆಯ ಚೂರಿನವರೆಗೂ ತಿಂದು ಮುಗಿಸಿದ.