ಗುಡ್ಡದ ಮೇಲಿನ ಮನೆಯ ಹಗೇವು

ದೆವ್ವ, ಗಾಳಿ, ಸೋಂಕು ಎನ್ನುವವರನ್ನು ಕಂಡರೆ ನಾನು ನಗುತ್ತಿದ್ದವಳು. ಓಣಿಯ ಹೆಂಗಸರು ಮಕ್ಕಳಿಗೆ ದೃಷ್ಟಿ ತೆಗೆಯುವಾಗ ಉಪ್ಪು ಮೆಣಸಿನಕಾಯಿ ಯಾಕೆ ದಂಡ ಮಾಡುತ್ತೀರಿ ಎನ್ನುತ್ತಿದ್ದೆ. ಅವನ್ನೆಲ್ಲ ಈಗ ನಂಬುತ್ತೇನೆಂದು ಹೇಳಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆನೆಂದು ಯಾರಿಗೂ ಪೂರ್ತಿ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಎಪ್ಪತ್ತರ ದಶಕದ ಮಾತು. ನಾವು ಹುಮನಾಬಾದಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಯಜಮಾನರು ಕಾಳಿನ ಬಜಾರದ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮರಾಗಿದ್ದರು. ನನಗೆ ಮೊದಲಿನಿಂದಲೂ ದಮ್ಮು. ಮನೆ ಬಜಾರದ ಬೆನ್ನಿಗೇ ಇದ್ದುದರಿಂದ ತೊಗರಿಯ ಸುಗ್ಗಿ ಬಂತೆಂದರೆ ಆ ಧೂಳಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ನಾನು ಮಲಗಲಾಗದೆ ಕೂತರೆ ಅವರೂ ನನ್ನ ಬೆನ್ನು ತಿಕ್ಕುತ್ತ ಕೂತಿರುತ್ತಿದ್ದರು. ಸ್ವಲ್ಪ ಎತ್ತರದ, ಗಾಳಿ ಒಳ್ಳೆಯದಿರುವ ಜಾಗಕ್ಕೆ ಹೋಗಿ ಎಂದು ಡಾಕ್ಟರು ಹೇಳಿದ ಮೇಲೆ ಅವರಿಗೆ ಅದೊಂದೇ ಧ್ಯಾನವಾಯಿತು.

ಬಸವಕಲ್ಯಾಣದಿಂದ ಮುಡಬಿಗೆ ಹೋಗುವ ಕಡೆ, ಕೆಂಪು ಕಲ್ಲಿನ ಗುಡ್ಡದ ಮೇಲೆ ಒಂದು ಸಣ್ಣ ವಾಡಿ ಇತ್ತು. ಅಲ್ಲಿಯವರು ಬಸ್ಸಿಗೆ, ನೀರಿಗೆ ಅನುಕೂಲವೆಂದು ಒಬ್ಬೊಬ್ಬರಾಗಿ ಕೆಳಗೆ ರಸ್ತೆಯ ಬದಿಗೆ ಇಳಿಯುತ್ತಿದ್ದರು. ಅವರು ಬಿಟ್ಟ ಮನೆ, ಹೊಲಗಳನ್ನು ಪೇಟೆಯವರು ಕೊಳ್ಳತೊಡಗಿದ್ದರು. ಗಂಗಾಬಾಯಿ ಎಂಬ ಮುದುಕಿಯ ಮನೆಯೂ ಮಾರಾಟಕ್ಕಿತ್ತು. ಗಂಡ ಇಲ್ಲ, ಮಕ್ಕಳಿಲ್ಲ. ಸೋಲಾಪುರದಲ್ಲಿದ್ದ ತಮ್ಮನ ಮಗ ತನ್ನ ಬಳಿಗೆ ಬಾ ಎಂದು ಕರೆದಿದ್ದ. ನಮ್ಮವರು ಹೋಗಿ ಮಾತಾಡಿ ಬಂದಿದ್ದರು.

"ಅಲ್ಲಿ ಉಸಿರಾಡಾಕಿ ನೀನು. ನೀ ನೋಡಿ ಹೂಂ ಅಂದರ ಆತು," ಎಂದರು.

ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಹೋದೆವು. ಬಿಸಿಲು ನಿಚ್ಚಳವಾಗಿತ್ತು. ಅಲ್ಲಲ್ಲಿ ನಿಂತು ಗುಡ್ಡ ಹತ್ತಿದೆ. ಗಂಗಾಬಾಯಿ ಮಜ್ಜಿಗೆ ಕೊಟ್ಟು ಮನೆ ತೋರಿಸಿದಳು. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಒಳಗಿನ ಕತ್ತಲೆ ಕೋಣೆಯ ನೆಲದಲ್ಲಿ ಜೋಳ ತುಂಬಿಡುವ ಹಗೇವು ಇತ್ತು. ಆಳವಾದ ಕುಣಿ, ಒಬ್ಬರು ಇಳಿಯುವಷ್ಟೇ ಬಾಯಿ. ಬಾಯಿಗೆ ದೊಡ್ಡ ಹಾಸುಗಲ್ಲು ಮುಚ್ಚಿ ಸುತ್ತ ಮಣ್ಣು ಮೆತ್ತಿದ್ದರು.

"ನಮ್ಮ ಯಜಮಾನ್ರು ಹೋದ ಮ್ಯಾಲ ತಗದೇ ಇಲ್ಲವ್ವಾ. ಒಬ್ಬಾಕಿಗೆ ಎಷ್ಟು ಜ್ವಾಳ ಬೇಕು?" ಎಂದಳು.

ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂಡಿರುತ್ತದೆ, ದೀಪ ಇಳಿಸಿ ನೋಡದೆ ಇಳಿದವರು ಮೇಲೆ ಬರುವುದಿಲ್ಲ ಎಂದು ನನಗೆ ತಿಳಿಸಿ ಹೇಳಿದವರು ನಮ್ಮವರೇ. ಇದನ್ನು ನೀವು ಮರೆಯಬಾರದು. ಅವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಹೊಲ ತೋರಿಸಲೆಂದು ಗಂಗಾಬಾಯಿ ನನ್ನನ್ನು ಮಾಳಿಗೆಗೆ ಕರೆದೊಯ್ದಳು. ತೊಲೆಗಳಿಗೆ ಹುಳ ಹತ್ತಿದೆಯೇ ನೋಡುತ್ತೇನೆಂದು ಅವರು ಕೆಳಗೇ ಉಳಿದರು. ಮೇಲೆ ನಿಂತರೆ ಕಣ್ಣು ಹಾಯುವವರೆಗೂ ಕರಿ ಭೂಮಿ. ತಣ್ಣನೆಯ ಗಾಳಿ. ಎಷ್ಟೋ ತಿಂಗಳ ಮೇಲೆ ಎದೆ ತುಂಬ ಉಸಿರು ಎಳೆದುಕೊಂಡೆ. ಈ ಮನೆಯೇ ಇರಲಿ ಎಂದು ಮನಸ್ಸಿನಲ್ಲಿ ಅಂದುಕೊಂಡೂ ಆಯಿತು.

ಆಗ ಮಾಳಿಗೆಯ ಬೆಳಕಿಂಡಿಯಿಂದ ಅವರ ಮಾತು ಕೇಳಿಸಿತು. "ಎಲ್ಲಿದೀ?" ಎಂದರು. ಒಬ್ಬ ಹೆಂಗಸು ಏನೋ ಉತ್ತರ ಕೊಟ್ಟಳು. ನೆರೆಯವರು ಯಾರೋ ಬಂದಿರಬೇಕೆಂದುಕೊಂಡೆ. ಗಂಗಾಬಾಯಿ ನನ್ನ ರಟ್ಟೆ ಹಿಡಿದಳು.

"ಯವ್ವಾ, ನೀ ಇಲ್ಲೇ ನನ್ನ ಬಾಜೂಕ ಅದಿ. ಕೆಳಗ ನಿನ್ನ ದನಿ ಹ್ಯಾಂಗ ಬರಾಕತ್ತದ?"

ಕಿವಿಗೊಟ್ಟೆ. ಮಾತು ಏನೆಂದು ತಿಳಿಯಲಿಲ್ಲ. ಆದರೆ ಎರಡು ಮಾತಿನ ನಡುವೆ ಸುಂಯ್ ಎಂದು ಉಸಿರು ಎಳೆಯುವ ಸದ್ದು ಕೇಳಿಸಿತು. ಅದು ನನ್ನ ದಮ್ಮಿನ ಉಸಿರು. ಇಷ್ಟು ವರ್ಷ ಕೇಳಿಕೊಂಡು ಬಂದದ್ದು ನನಗೆ ಗುರುತು ಸಿಗದೆ ಹೋಗುತ್ತದೆಯೇ?

"ತಡಿ, ಬಂದೆ," ಎಂದರು ಅವರು.

ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು. ಒಳಕೋಣೆಯಲ್ಲಿ ಹಾಸುಗಲ್ಲು ಪಕ್ಕಕ್ಕೆ ಸರಿದಿತ್ತು. ಅವರು ಎದೆಯವರೆಗೆ ಹಗೇವಿನೊಳಗೆ ಇಳಿದಿದ್ದರು. ಒಂದು ಕೈ ಮಾತ್ರ ಅಂಚಿನ ಮೇಲಿತ್ತು. ಇನ್ನೊಂದನ್ನು ಕೆಳಗೆ ಚಾಚಿದ್ದರು. ನಾನು ಮುಂಗೈ ಹಿಡಿದು ಜಗ್ಗಿದೆ.

"ಬಿಡು, ಆಕಿ ಕೆಳಗ ಬಿದ್ದಾಳ. ಕೈ ಸಿಕ್ಕದ," ಎಂದರು, ತಲೆ ಎತ್ತದೆ.

"ಏನ್ರಿ, ನಾ ಇಲ್ಲೇ ಇದೀನ್ರಿ. ಇಲ್ಲಿ ನೋಡ್ರಿ."

ಅವರು ನೋಡಿದರು. ಆ ನೋಟ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ. ನನ್ನ ಮುಖ ಕಂಡು ಅವರು ಹೆದರಿದರು. ಕೆಳಗಿದ್ದವಳು ಹೆಂಡತಿ, ಮೇಲೆ ಹಿಡಿದವಳು ಬೇರೆ ಯಾರೋ ಎನ್ನುವಂತೆ ನನ್ನ ಕೈ ಕೊಡವಿಕೊಳ್ಳಲು ನೋಡಿದರು. ನಾನು ಎರಡೂ ಕೈಯಿಂದ ಅಪ್ಪಿ ಹಿಡಿದೆ. ಆದರೂ ಅವರ ಭಾರ ಕೆಳಕೆಳಗೆ ಜಾರುತ್ತಿತ್ತು. ಗಂಗಾಬಾಯಿ ಅಂಗಳದಲ್ಲಿ ನಿಂತು ಕೂಗಿದಳು. ಪಕ್ಕದ ಹೊಲದಲ್ಲಿ ಎತ್ತು ಕಟ್ಟಿ ಗಳೆ ಹೊಡೆಯುತ್ತಿದ್ದ ತುಕಾರಾಮನೆಂಬವನು ಓಡಿ ಬಂದು ಬಗಲಿಗೆ ಕೈಹಾಕಿ ಎತ್ತಿದ. ಅಂಗಳಕ್ಕೆ ತಂದು ಮಲಗಿಸಿದಾಗ ಅವರ ತುಟಿ ನೀಲಿಗಟ್ಟಿತ್ತು.

ಗಾಳಿ ತಾಗಿ ಅವರು ಚೇತರಿಸಿಕೊಂಡ ಮೇಲೆ ತುಕಾರಾಮ ಕೇಳಿದ, "ಆ ಕಲ್ಲು ಯಾಕ ಸರಿಸಿದ್ರಿ ಮಾಲಕ್ರೆ?"

"ನಾ ಮುಟ್ಟಿಲ್ಲಪ್ಪಾ. ತೆರದೇ ಇತ್ತು."

ತುಕಾರಾಮ ಒಳಗೆ ಹೋಗಿ ಕಲ್ಲು ಮುಚ್ಚಲು ನೋಡಿದ; ಒಬ್ಬನಿಂದ ಆಗಲಿಲ್ಲ. ಅಣ್ಣನನ್ನು ಕರೆತಂದು ಇಬ್ಬರೂ ಹಾರೆ ಹಾಕಿ ಸರಿಸಿದರು. ನಮ್ಮವರು ತೆಳ್ಳಗಿನ ಆಳು. ಕಾಳಿನ ಚೀಲವನ್ನೂ ಎತ್ತಿದವರಲ್ಲ.

ಗಂಗಾಬಾಯಿ ಕೈ ಮುಗಿದು ಅತ್ತಳು. "ಲಗ್ನಾಗಿ ಬಂದಾಗಿಂದ ಇದೇ ಮನ್ಯಾಗ ಬಾಳ್ವೆ ಮಾಡೀನ್ರಿ. ಒಂದು ದಿನಾ ಹಿಂಗ ಆಗಿಲ್ಲ. ನಿಮಗ ಅಷ್ಟೇ ಅಲ್ಲ, ಯಾರಿಗೂ ಕೊಡಲ್ಲರಿ ಈ ಮನಿ." ಹಾಗೆಯೇ ಬೀಗ ಹಾಕಿ ಸೋಲಾಪುರಕ್ಕೆ ಹೋದಳೆಂದು ಆಮೇಲೆ ತಿಳಿಯಿತು.

ಅವತ್ತು ಮರಳುವಾಗ ಬಸ್ಸಿನಲ್ಲಿ ನಮ್ಮವರು ನನ್ನ ಪಕ್ಕ ಕೂಡಲಿಲ್ಲ. ಬಹಳ ದಿನಗಳ ಮೇಲೆ ಒಮ್ಮೆ ಊಟ ಮಾಡುತ್ತ ತಾವಾಗಿಯೇ ಹೇಳಿದರು: "ನೀ ಅವತ್ತು ನನ್ನ ಹೆಸರು ಹಿಡಿದು ಕರದಿ. ಅದಕ್ಕೇ ಗಾಬರಿಯಾಗಿ ಬಂದೆ."

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ನಾನು ಒಮ್ಮೆಯೂ ಹೇಳಿದವಳಲ್ಲ, ಇಲ್ಲೂ ಬರೆದಿಲ್ಲ.

ಕೆಟ್ಟ ಗಾಳಿ ತಲೆಗೇರಿ ಅವರಿಗೆ ಭ್ರಮೆಯಾಗಿರಬೇಕೆಂದು ನನ್ನ ಅಣ್ಣ ಹೇಳುತ್ತಾನೆ. ಇರಬಹುದು. ಬಯಲ ಗಾಳಿಯಲ್ಲಿ ಮಾಳಿಗೆಯ ಮೇಲೆ ನಿಂತಿದ್ದ ನಮಗಿಬ್ಬರಿಗೂ ಕೇಳಿಸಿದ್ದೇನೆಂಬುದು ಅವನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.

ನಾವು ಮತ್ತೆಲ್ಲೂ ಮನೆ ನೋಡಲು ಹೋಗಲಿಲ್ಲ. ಅವರಿಗೆ ಈಗ ವಯಸ್ಸಾಗಿದೆ. ಪೇಪರ್ ಓದುತ್ತಿರುವಾಗ ಒಮ್ಮೊಮ್ಮೆ ತಲೆ ಎತ್ತಿ, "ಕರದಿ ಏನು?" ಎನ್ನುತ್ತಾರೆ. ಮೊದಮೊದಲು ಇಲ್ಲವೆನ್ನುತ್ತಿದ್ದೆ. ಆಗ ಅವರು ಎದ್ದು, ನಾನಿಲ್ಲದ ಕೋಣೆಯ ಕಡೆ ಹೊರಡುತ್ತಿದ್ದರು. ಅದನ್ನು ಕಂಡ ಮೇಲೆ, ಕರೆದಿರಲಿ ಬಿಡಲಿ, ಕೈಯಲ್ಲಿನ ಕೆಲಸ ಬಿಟ್ಟು ಹೇಳುತ್ತೇನೆ:

"ಹೌದ್ರಿ, ನಾನೇ ಕರದೆ. ಇಲ್ಲೇ ಬರ್ರಿ."