ಕೀಲಿಗೆ ಹಚ್ಚಿದ ವಿಭೂತಿ

ಬಸವಕಲ್ಯಾಣದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ತೀರಿಕೊಂಡವರ ಪುಣ್ಯಸ್ಮರಣೆಯ ಪತ್ರಿಕೆ, ಚುನಾವಣೆ ಬಂದರೆ ಎಲ್ಲ ಪಕ್ಷದವರ ಕರಪತ್ರ, ಎಲ್ಲವೂ ಒಂದೇ ಕಂಪ್ಯೂಟರಿನಿಂದ ಹೊರಬೀಳುತ್ತವೆ. ಒಮ್ಮೆ ಗಡಿಬಿಡಿಯಲ್ಲಿ ಒಂದು ಪಕ್ಷದ ಭರವಸೆಗಳನ್ನು ಇನ್ನೊಂದು ಪಕ್ಷದ ಚಿಹ್ನೆಯ ಕೆಳಗೆ ಹಾಕಿ ಕೊಟ್ಟೆ. ಹಂಚಿದವರಿಗೂ ಗೊತ್ತಾಗಲಿಲ್ಲ, ಓದಿದವರಿಗೂ ಗೊತ್ತಾಗಲಿಲ್ಲ.

ಆ ಕಂಪ್ಯೂಟರಿನ ಬೆನ್ನಿಗೆ ಹೆಬ್ಬೆರಳಿನಷ್ಟು ಉದ್ದದ ಒಂದು ಹಸಿರು ತುಂಡು ಚುಚ್ಚಿರುತ್ತಿತ್ತು. ಕನ್ನಡ ಸಾಫ್ಟ್‌ವೇರಿನ ಕಂಪನಿಯವರು ಕೊಟ್ಟ ಕೀಲಿ ಅದು. ಅದು ಇದ್ದರೆ ಕನ್ನಡ ಉಂಟು, ಕಿತ್ತರೆ ಇಲ್ಲ. ಇಡೀ ಗಲ್ಲಿಯಲ್ಲಿ ರಸೀದಿ ಸಮೇತ ಕೊಂಡ ಸಾಫ್ಟ್‌ವೇರ್ ಇದ್ದದ್ದು ನನ್ನ ಹತ್ತಿರ ಮಾತ್ರ ಎಂದು ನನಗೆ ಎಲ್ಲಿಲ್ಲದ ಗತ್ತು. ಇನ್ನು ಚಿತ್ರ ಬರೆಯುವುದು, ಫೋಟೊ ತಿದ್ದುವುದು, ಕಂಪ್ಯೂಟರ್ ಚಾಲೂ ಆಗುವುದು ಇವೆಲ್ಲ ಹೈದರಾಬಾದಿನಿಂದ ಬಂದ ನಕಲಿ ಸಿಡಿಗಳ ಕೃಪೆ. ಅದನ್ನು ಯಾರೂ ಕೇಳುತ್ತಿರಲಿಲ್ಲ, ನಾನಾಗಿ ಹೇಳುತ್ತಲೂ ಇರಲಿಲ್ಲ.

ಆದರೆ ನನ್ನ ಗತ್ತನ್ನು ಕೆಣಕುವವರು ಒಬ್ಬರಿದ್ದರು. ಹುಮನಾಬಾದಿನ ಕಾಲೇಜೊಂದರಲ್ಲಿ ಪಾಠ ಹೇಳುವ ಮಾಸ್ತರರು. ಅವರ ಹೆಂಡತಿಯ ತವರು ನಮ್ಮೂರು. ಭಾನುವಾರ ಅತ್ತೆಯ ಮನೆಯಲ್ಲಿ ಗಡದ್ದಾಗಿ ಉಂಡು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತರೆಂದರೆ ಸ್ವತಂತ್ರ ತಂತ್ರಾಂಶದ ಪುರಾಣ ಶುರು. ಸಾಫ್ಟ್‌ವೇರ್ ಹೇಗೆ ಮಾಡಿದ್ದಾರೆಂಬುದು ಎಲ್ಲರಿಗೂ ಕಾಣುವಂತಿರಬೇಕು, ಯಾರು ಬೇಕಾದರೂ ಬಳಸಬೇಕು, ತಿದ್ದಬೇಕು, ಇನ್ನೊಬ್ಬರಿಗೆ ಹಂಚಬೇಕು. ಕೀಲಿ ಹಾಕಿ ಮಾರುವುದು ಗುಲಾಮಗಿರಿ ಎನ್ನುವುದು ಅವರ ವಾದ. ಗುಲಾಮಗಿರಿ ಎಂಬ ಮಾತು ಬಂದಾಗ ಅವರ ಬೆರಳು ನೇರ ನನ್ನ ಹಸಿರು ಕೀಲಿಯ ಕಡೆ ಹೋಗುತ್ತಿತ್ತು. ನನಗೆ ಮೈ ಉರಿಯುತ್ತಿತ್ತು.

"ಪುಕ್ಕಟೆ ಕೊಟ್ಟದ್ದು ಕೆಟ್ಟರ ಯಾರ ಕೊರಳಪಟ್ಟಿ ಹಿಡೀಬೇಕ್ರಿ ಸರ್?" ಎಂದು ನಾನು ಕೇಳುತ್ತಿದ್ದೆ. "ಕಂಪನಿ ಅಂದ್ರ ಒಂದು ಫೋನ್ ನಂಬರ್ ಇರ್ತದ. ಫೋನ್ ಹಚ್ಚಿದ್ರ ಒಬ್ಬ ಮನಷ್ಯಾ ಮಾತಾಡ್ತಾನ."

ಒಂದು ಭಾನುವಾರ ಅವರು ತಮ್ಮ ಲ್ಯಾಪ್‌ಟಾಪನ್ನೇ ಹೊತ್ತು ತಂದು, ಸ್ವಾತಂತ್ರ್ಯ ಅಂದರೆ ಏನೆಂದು ತೋರಿಸುತ್ತೇನೆ ಎಂದರು. ನನ್ನ ಪ್ರಿಂಟರಿಗೂ ಅವರ ಸ್ವಾತಂತ್ರ್ಯಕ್ಕೂ ಪರಿಚಯವಾಗುವಷ್ಟರಲ್ಲಿ ಎರಡು ಸಲ ಚಹಾ ಆಯಿತು. ಮೂರನೆಯ ಚಹಾದ ಹೊತ್ತಿಗೆ ಒಂದು ಹಾಳೆ ಹೊರಬಂತು, ಅಕ್ಷರಗಳೆಲ್ಲ ಅಡ್ಡ ಮಲಗಿದ್ದವು. ಅವತ್ತು ನಾನು ನಕ್ಕ ನಗೆ ಪಕ್ಕದ ಜೆರಾಕ್ಸ್ ಅಂಗಡಿಯವರೆಗೂ ಕೇಳಿಸಿತಂತೆ.

ಮುಡಬಿಯ ಅಕ್ಕ ನನ್ನ ಅಂಗಡಿಗೆ ಬಂದದ್ದು ಆ ದಿನಗಳಲ್ಲೇ. ಊರ ಭಜನೆ ಮೇಳದ ಮುಂದಾಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು. ಆದರೆ ನಡೆ ನುಡಿ ನೋಡಿದರೆ ಅಕ್ಕ ಎಂದೇ ಕರೆಯಬೇಕು ಅನ್ನಿಸುವಂಥವಳು. ತೀರಿಕೊಂಡ ಅತ್ತೆ ಹಾಡುತ್ತಿದ್ದ ಹಾಡುಗಳನ್ನು ಮನೆಯವರು ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಹಳದಿ ವಸ್ತ್ರದಲ್ಲಿ ಸುತ್ತಿ ತಂದಿದ್ದಳು. ಬೀಸುವ ಹಾಡು, ತೊಟ್ಟಿಲ ಹಾಡು, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಡು, ಭಜನೆಯ ಪದ, ಎಲ್ಲ ಒಂದರ ಹಿಂದೆ ಒಂದು. ಹಾಳೆಗಳು ಮುಟ್ಟಿದರೆ ಉದುರುತ್ತಿದ್ದವು. ತನಗೆ ಎಲ್ಲದರ ಪಲ್ಲವಿ ಬರುತ್ತದೆ, ಮುಂದಿನದು ಬರುವುದಿಲ್ಲ, ಅದಕ್ಕೇ ಪುಸ್ತಕ ಆಗಬೇಕು ಎಂದಳು.

ಅಷ್ಟೂ ಟೈಪು ಮಾಡಿದೆ. ಮಾಡುತ್ತ ಮಾಡುತ್ತ ಎರಡು ಕಡೆ ಕಣ್ಣು ಒದ್ದೆಯಾದದ್ದೂ ಉಂಟು. ಆದರೆ ಮುನ್ನುಡಿಯನ್ನು ಮಠದ ಸ್ವಾಮಿಗಳೇ ಬರೆಯಬೇಕೆಂದು ಮನೆಯವರ ಹಟ. ಸ್ವಾಮಿಗಳು ಅರ್ಧ ಪುಟ ಬರೆಯಲು ಎರಡು ವರ್ಷ ತೆಗೆದುಕೊಂಡರು. ಅಲ್ಲಿಯವರೆಗೆ ಅಚ್ಚು ನಿಂತಿತು.

ನಡುವೆ ಒಮ್ಮೆ ಅವಳು ಬಂದು, ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿ ಕೊಡುತ್ತೀರಾ ಎಂದು ಕೇಳಿದ್ದಳು. ಘಾಟಬೋರಾಳದಲ್ಲಿ ನಾದಿನಿ ಇದ್ದಾಳೆ, ಅವಳಿಗೆ ತಾಯಿಯ ಇನ್ನೊಂದಿಷ್ಟು ಹಾಡು ಬರುತ್ತವೆ, ಅವಳ ಮಗಳು ಕಂಪ್ಯೂಟರಿನಲ್ಲಿ ಸೇರಿಸುತ್ತಾಳೆ ಎಂದಳು. ತಿದ್ದಲು ಬರುವ ಫೈಲಿಗೆ ನಮ್ಮ ದಂಧೆಯಲ್ಲಿ ಓಪನ್ ಫೈಲು ಅನ್ನುತ್ತೇವೆ. ಅದನ್ನು ಗಿರಾಕಿಯ ಕೈಗೆ ಕೊಡುವುದು ನಮ್ಮಲ್ಲಿ ಪದ್ಧತಿಯಲ್ಲ. ಕೊಟ್ಟರೆ ಮುಂದಿನ ಸಲ ಅವರು ಬೇರೆ ಅಂಗಡಿಗೆ ಹೋಗುತ್ತಾರೆ. ಓಪನ್ ಫೈಲು ಕೊಡುವುದಿಲ್ಲ, ಅಚ್ಚಾದ ಪುಸ್ತಕ ಅಷ್ಟೇ ಕೊಡುತ್ತೇವೆ ಎಂದು ಖಡಕ್ಕಾಗಿ ಹೇಳಿದೆ. ಕಳೆದೀತೆಂಬ ಚಿಂತೆ ಬೇಡ, ಕಾಗದಕ್ಕೆ ಗೆದ್ದಲು ಹತ್ತುತ್ತದೆ, ಕಂಪ್ಯೂಟರಿಗೆ ಹತ್ತುವುದಿಲ್ಲ ಎಂದೂ ಸೇರಿಸಿದೆ. ಅವಳು ತಲೆಯಾಡಿಸಿ ಹೋದಳು.

ಎರಡನೆಯ ವರ್ಷದ ಖಂಡೆಪೂಜೆ ಬಂತು. ಆಯುಧಪೂಜೆಗೆ ನಮ್ಮ ಕಡೆ ಹಾಗನ್ನುತ್ತಾರೆ. ಕಂಪ್ಯೂಟರಿಗೆ ಚೆಂಡುಹೂವಿನ ಹಾರ, ಪ್ರಿಂಟರಿಗೆ ಕುಂಕುಮ. ಇಡೀ ಅಂಗಡಿಯ ಜೀವ ಆ ಕೀಲಿಯಲ್ಲಿದೆಯಲ್ಲ, ಅದಕ್ಕೆ ವಿಶೇಷ ಗೌರವ ಸಲ್ಲಬೇಕೆಂದು ಅದನ್ನು ಕಿತ್ತು, ಬಟ್ಟಲಿನಲ್ಲಿ ವಿಭೂತಿ ಕಲಸಿ, ಮೂರು ಬೆರಳಿನಿಂದ ಅಡ್ಡ ಎಳೆದು, ಭಕ್ತಿ ಹೆಚ್ಚಾಗಿ ತುದಿಗೂ ಹಚ್ಚಿ, ಹಾಗೇ ಒದ್ದೆಯಲ್ಲೇ ಮತ್ತೆ ಚುಚ್ಚಿದೆ. ಚಟ್ ಎಂದು ಒಂದು ಸಪ್ಪಳವಾಯಿತು. ದೇವರು ಪೂಜೆ ಒಪ್ಪಿಕೊಂಡ ಎಂದುಕೊಂಡೆ.

ಮರುದಿನ ಕಂಪ್ಯೂಟರು ಕೀಲಿ ಸಿಗುತ್ತಿಲ್ಲ ಎಂದಿತು. ಒರೆಸಿದೆ, ಊದಿದೆ, ಬಿಸಿಲಿಗೆ ಇಟ್ಟೆ, ಬೈದೆ, ಕೈ ಮುಗಿದೆ. ಕಡೆಗೆ ಹೆಮ್ಮೆಯಿಂದ ಕಾಪಾಡಿಕೊಂಡಿದ್ದ ಆ ಫೋನ್ ನಂಬರನ್ನು ತೆಗೆದೆ. ಮೂರು ದಿನ ಯಾರೂ ಎತ್ತಲಿಲ್ಲ. ನಾಲ್ಕನೆಯ ದಿನ ಎತ್ತಿದವನು, ಆ ಆವೃತ್ತಿ ನಿಂತುಹೋಗಿ ಬಹಳ ಕಾಲವಾಯಿತು, ಅದರ ಕೀಲಿ ಈಗ ಸಿಗುವುದಿಲ್ಲ, ಹೊಸದನ್ನು ಕೊಳ್ಳಿ ಎಂದ. ಹೊಸದರಲ್ಲಿ ಹಳೆಯ ಫೈಲು ತೆರೆಯುತ್ತದೆಯೇ ಎಂದರೆ ಇಲ್ಲ ಎಂದ. ಕೊರಳಪಟ್ಟಿ ಹಿಡಿಯೋಣವೆಂದರೆ ಫೋನಿಗೆ ಕೊರಳೇ ಇಲ್ಲ.

ಮುನ್ನುಡಿ ಹಿಡಿದುಕೊಂಡು ಮುಡಬಿಯ ಅಕ್ಕ ಬಂದದ್ದು ಅದೇ ವಾರ. ಅತ್ತೆಯ ಪುಣ್ಯಸ್ಮರಣೆ ತಿಂಗಳೊಪ್ಪತ್ತಿನಲ್ಲಿದೆ, ಅಷ್ಟರೊಳಗೆ ಪುಸ್ತಕ ಬೇಕು ಎಂದಳು. ನಾನು ಬೆವರು ಒರೆಸಿಕೊಳ್ಳುತ್ತ, ಆ ನೋಟ್‌ಬುಕ್ ಒಮ್ಮೆ ತನ್ನಿ, ಅಕ್ಷರ ತಾಳೆ ನೋಡಬೇಕು ಎಂದು ಸುಳ್ಳು ಹೊಸೆದೆ. ಹೊಸದಾಗಿ ಟೈಪು ಮಾಡಿಬಿಡುವ ಯೋಚನೆ ನನ್ನದು.

"ಅದನ್ನ ಕೆರಿಗೆ ಬಿಟ್ವಿ ರಿ," ಎಂದಳು. "ದೇವರ ಪದ ಇದ್ದ ಹಾಳಿ, ಉದುರಿ ಕಾಲಾಗ ಬರಾಕತ್ತಿದ್ವು. ಕಂಪ್ಯೂಟರದಾಗ ಭದ್ರ ಅವ ಅಂತ ನೀವೇ ಅಂದಿದ್ರಲ್ರಿ. ಅರಿಷಿಣ ಕುಂಕುಮ ಹಾಕಿ ಬಿಟ್ವಿ."

ಆ ಹೆಣ್ಣುಮಗಳು ಅತ್ತೆಯ ಬಾಯಿಯ ಮಾತನ್ನೆಲ್ಲ ನನ್ನ ಒಂದು ಮಾತಿನ ಮೇಲೆ ನೀರಿಗೆ ಬಿಟ್ಟಿದ್ದಳು. ಎಂಟು ದಿನ ಬಿಟ್ಟು ಬನ್ನಿ ಎಂದೆ. ಅವಳು ಹೋದ ಮೇಲೆ ಊಟ ಸೇರಲಿಲ್ಲ.

ಮಾಸ್ತರರಿಗೆ ಫೋನ್ ಮಾಡಲು ಮುಖವಿರಲಿಲ್ಲ. ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಹುಮನಾಬಾದಿಗೆ ಹೋದೆ. ಅವರು ನನ್ನನ್ನು ಕೂಡಿಸಿ, ಚಹಾ ಕೊಟ್ಟು, ಎಲ್ಲ ಕೇಳಿ, ಮೊದಲು ಒಂದು ತಾಸು ಭಾಷಣ ಮಾಡಿದರು. ವರ್ಷಗಟ್ಟಲೆ ಕಾದ ಮನುಷ್ಯ, ಬಿಡುತ್ತಾರೆಯೇ. ನಾನು ಎಲ್ಲದಕ್ಕೂ ಹೌದ್ರಿ ಸರ್, ಖರೇ ಅದ ರಿ ಸರ್ ಎಂದೆ. ಸಮಾಧಾನವಾದ ಮೇಲೆ ಯಾರೋ ಕನ್ನಡದ ಮಂದಿ ಸೇರಿ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟ, ಹಳೆಯ ಫೈಲನ್ನು ಕೀಲಿಯಿಲ್ಲದೆ ಓದಲು ಬರುವಂತೆ ಬದಲಿಸುವ ಒಂದು ಚಿಕ್ಕ ಪ್ರೋಗ್ರಾಮಿಗೆ ನನ್ನ ಫೈಲನ್ನು ಒಡ್ಡಿದರು. ಮೊದಲ ಸಲ ಬಂದದ್ದು ಕಸ. ಎರಡನೆಯ ಸಲವೂ ಕಸ. ಅವರು ಕನ್ನಡಕ ಏರಿಸಿಕೊಂಡು ಅದರ ಹೊಟ್ಟೆಯೊಳಗೆ ಕೈ ಹಾಕಿ ಅದೇನೋ ತಿದ್ದಿದರು. ಮೂರನೆಯ ಸಲ ಪರದೆಯ ಮೇಲೆ ತೊಟ್ಟಿಲ ಹಾಡು ಬಂತು. ನಾನು ಐವತ್ತು ದಾಟಿದ ಗಂಡಸು, ಪರರ ಮನೆಯಲ್ಲಿ ಕೂತು ಅತ್ತುಬಿಟ್ಟೆ. ತಪ್ಪುಗಳು ಬೇಕಾದಷ್ಟಿದ್ದವು, ಇಬ್ಬರೂ ಕೂತು ಸಂಜೆಯವರೆಗೆ ತಿದ್ದಿದೆವು. ಈ ಸಲ ಚಹಾ ಎಷ್ಟಾಯಿತೆಂದು ನಾನು ಲೆಕ್ಕ ಇಡಲಿಲ್ಲ.

ಮಾಸ್ತರರು ನನ್ನ ಕಂಪ್ಯೂಟರಿಗೂ ಕೀಲಿ ಬೇಡದ ಕನ್ನಡ ಹಾಕಿಕೊಟ್ಟರು. ಪುಣ್ಯಸ್ಮರಣೆಗೆ ಎರಡು ದಿನ ಮೊದಲು ಪುಸ್ತಕ ಸಿದ್ಧವಾಯಿತು. ಅಕ್ಕ ಬಂದು ಒಂದನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಸ್ಟೂಲಿನ ಮೇಲೆ ಕೂತು ಪುಟ ತಿರುವಿದಳು. ಈಗ ಹೇಳಿದರೆ ತಪ್ಪಿಲ್ಲವೆಂದು ನಾನು ನಡೆದದ್ದನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಆವೇಶ ಬಂತು. ಆ ಕಂಪನಿಯವರು ಎಂಥ ಮಂದಿ ನೋಡ್ರಿ ಅಕ್ಕ, ದುಡಿದ ಕೈ ನನ್ನದು, ಹಾಡು ನಿಮ್ಮದು, ಕೀಲಿ ಮಾತ್ರ ಅವರದು, ಅವರಿಗೇನು ಹಕ್ಕು ಎಂದು ಮಾಸ್ತರರ ಭಾಷಣವನ್ನೇ ಒಪ್ಪಿಸಿದೆ. ಗುಲಾಮಗಿರಿ ಎಂಬ ಮಾತನ್ನೂ ಬಿಡಲಿಲ್ಲ.

ಅವಳು ಎಲ್ಲ ಕೇಳಿ, ಸೆರಗಿನ ಗಂಟು ಬಿಚ್ಚಿ ಪೆನ್‌ಡ್ರೈವ್ ತೆಗೆದಳು. ಘಾಟಬೋರಾಳದ ನಾದಿನಿ ಮತ್ತೆ ನೆನಪು ಮಾಡಿದ್ದಾಳೆ, ಇದರಲ್ಲಿ ಹಾಡು ಹಾಕಿ ಕೊಡ್ರಿ ಎಂದಳು.

"ಓಪನ್ ಫೈಲ್ ಕೊಡಂಗಿಲ್ರಿ ಅಕ್ಕ," ಎಂದೆ. ನಾನು ಯೋಚಿಸಿ ಹೇಳಿದ್ದಲ್ಲ. ಇಷ್ಟು ವರ್ಷ ಹೇಳಿ ಹೇಳಿ ರೂಢಿಯಾದ ಬಾಯಿ, ತಾನಾಗಿಯೇ ಹೇಳಿತು.

ಅವಳು ನನ್ನ ಮುಖ ನೋಡಿದಳು. ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವವರ ಹಾಗೆ ಕೇಳಿದಳು.

"ಆ ಕಂಪನಿಯವರು ನಿಮ್ಮ ಪೈಕಿ ಏನ್ರಿ ಅಣ್ಣಾರ?"

ಮಾಸ್ತರರು ಇಷ್ಟು ಭಾನುವಾರ ಕೂತು ಹೇಳಿದ್ದು ನನ್ನ ತಲೆಗೆ ಹತ್ತಿರಲಿಲ್ಲ. ಇದು ಹತ್ತಿತು. ನಾನು ಪೆನ್‌ಡ್ರೈವ್ ಇಸಿದುಕೊಂಡು ಚುಚ್ಚಿದೆ, ಹಿಂದೆ ಹಸಿರು ಕೀಲಿ ಇರುತ್ತಿದ್ದ ಜಾಗದಲ್ಲೇ. ಎಲ್ಲ ಹಾಡು ಹಾಕಿ, ತೆರೆದು ತೋರಿಸಿ, ಕೈಗೆ ಕೊಟ್ಟೆ. ನನ್ನ ಕಂಪ್ಯೂಟರಿನಲ್ಲಿರುವುದನ್ನು ಬೇಕಾದರೆ ಅಳಿಸಿಬಿಡುತ್ತೇನೆ, ಹಾಡು ನಿಮ್ಮವು ಎಂದೆ. ನಾಚಿಕೆಗೆ ಇನ್ನೇನು ಹೇಳಬೇಕೋ ತಿಳಿಯಲಿಲ್ಲ.

ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ಪುಸ್ತಕದ ಕಟ್ಟು ಎತ್ತಿಕೊಂಡಳು. "ಯಾಕ ಅಳಸ್ತೀರಿ, ಇರ್ಲಿ ಬಿಡ್ರಿ," ಎಂದಳು. "ನಿಮ್ದು ಮತ್ತ ಕೆಟ್ಟಿತಂದ್ರ ಮುಡಬಿಗೆ ಬರ್ರಿ. ನಾವು ಕೊಡ್ತೀವಿ."